ಕೆಟ್ಟಿದ್ದು ಅಕ್ಷರವಲ್ಲ, ಓದುವ ರೀತಿ

ಕಳೆದ ವರ್ಷ ನಾನು ಒಂದು ತಪ್ಪು ಮಾಡಿದೆ. ದೇಶನೂರಿನ ಕೆಲವು ರೈತರ ಹೆಸರು, ಅವರ ಭತ್ತದ ಚೀಲಗಳ ಲೆಕ್ಕ ಇಟ್ಟುಕೊಂಡು ಒಂದು ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದೆ. ಹೆಸರುಗಳನ್ನು ಕನ್ನಡದಲ್ಲೇ ಟೈಪ್ ಮಾಡಿದ್ದೆ. ಬೇರೆ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಆ ಫೈಲ್ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಹಾಳಾಗಿದೆ ಎಂದುಕೊಂಡು ಅಳಿಸಿಬಿಟ್ಟೆ. ಎರಡು ಸಂಜೆಯ ಕೆಲಸ ಹೋಯಿತು. “ಕನ್ನಡ ಯಾಕೆ ಹಾಕ್ತೀಯ? ಇಂಗ್ಲಿಷಲ್ಲಿ ಬರಿ, ತೊಂದರೆನೇ ಇರಲ್ಲ” ಎಂದು ಗೆಳೆಯರು ಬುದ್ಧಿ ಹೇಳಿದರು. ನಾನೂ ಒಪ್ಪಿದೆ.

ಆ ಮಾತು ತಪ್ಪು ಎಂದು ತೋರಿಸಿದ್ದು ಒಂದು ಇಂಗ್ಲಿಷ್ ಪುಟ. ಲಿನಕ್ಸ್‌ನಲ್ಲಿ ಯಾವುದೇ ಕಮಾಂಡ್‌ನ ಕೈಪಿಡಿ ಓದಲು ‘ಮ್ಯಾನ್’ ಎಂಬ ಕಮಾಂಡ್ ಇದೆ. ಅದೇ ಟರ್ಮಿನಲ್‌ನಲ್ಲಿ ಒಂದು ಕೈಪಿಡಿ ತೆರೆದೆ. ಪೂರ್ತಿ ಇಂಗ್ಲಿಷ್. ಆದರೂ ಉದ್ಧರಣ ಚಿಹ್ನೆ ಇರಬೇಕಾದಲ್ಲೆಲ್ಲ ಟೋಪಿ ಹಾಕಿದ ‘ಎ’, ಅದರ ಪಕ್ಕದಲ್ಲಿ ಯೂರೋ ಚಿಹ್ನೆ! ಹಾಗಾದರೆ ತಪ್ಪು ಕನ್ನಡದ್ದಲ್ಲ.

ಪ್ರಥಮ ಪಿಯುಸಿ ಪುಸ್ತಕದಲ್ಲಿ ಆಸ್ಕಿ, ಇಸ್ಕಿ, ಯುನಿಕೋಡ್ ಎಂದು ಓದಿ ಅಂಕಕ್ಕಾಗಿ ಬರೆದಿದ್ದೇವೆ. ಅದರ ಅರ್ಥ ನನಗೆ ಆಗ ಹೊಳೆಯಿತು. ಕಂಪ್ಯೂಟರ್ ಇಟ್ಟುಕೊಳ್ಳುವುದು ಅಕ್ಷರವನ್ನಲ್ಲ, ಸಂಖ್ಯೆಯನ್ನು. ಆಸ್ಕಿಯಲ್ಲಿ 128 ಸಂಕೇತಗಳಿಗೆ ಮಾತ್ರ ಜಾಗ. ಬಾಗಿದ ಉದ್ಧರಣ ಚಿಹ್ನೆಗೂ ಅಲ್ಲಿ ಜಾಗವಿಲ್ಲ, ನಮ್ಮ ‘ಕ’ಕ್ಕೂ ಇಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಇವೆರಡಕ್ಕೂ ಮೂರು ಮೂರು ಬೈಟ್ ಬೇಕು. ಒಂದು ಬೈಟ್‌ಗೆ ಒಂದು ಅಕ್ಷರ ಎಂದುಕೊಂಡ ಟರ್ಮಿನಲ್ ಅದನ್ನು ಓದಿದರೆ ಒಂದರ ಬದಲು ಮೂರು ಚಿಹ್ನೆ ಬರುತ್ತವೆ. ಚೀಲ ಎಷ್ಟು ಕೆಜಿಯದು ಎಂದು ಕೇಳದೆ ಭತ್ತದ ಲೆಕ್ಕ ಹಾಕಿದ ಹಾಗೆ. ಭತ್ತ ಅಷ್ಟೇ ಇದೆ, ಲೆಕ್ಕ ಮಾತ್ರ ತಪ್ಪು. ನನ್ನ ಫೈಲ್ ಕೂಡ ಸರಿಯಾಗಿಯೇ ಇತ್ತು.

ಪರಿಹಾರಕ್ಕೆ ಐದು ನಿಮಿಷ ಸಾಕು. ಟರ್ಮಿನಲ್‌ನಲ್ಲಿ ‘ಲೊಕೇಲ್’ ಕಮಾಂಡ್ ಕೊಟ್ಟು, ಭಾಷೆಯ ಹೆಸರಿನ ಕೊನೆಯಲ್ಲಿ ಯುಟಿಎಫ್-8 ಇದೆಯೇ ನೋಡಬೇಕು. ಟರ್ಮಿನಲ್ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲೂ ಅದೇ ಇರಬೇಕು. ಎರಡೂ ಕಡೆ ಒಂದೇ ಇದ್ದರೆ ಕೈಪಿಡಿ ಸರಿಯಾಗಿ ಕಾಣುತ್ತದೆ. ಇಷ್ಟಾದ ಮೇಲೂ ಕೆಲವು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬಹುದು, ಏಕೆಂದರೆ ಅವು ಪ್ರತಿ ಅಕ್ಷರವನ್ನೂ ಒಂದೇ ಅಳತೆಯ ಚೌಕದಲ್ಲಿ ಕೂರಿಸುತ್ತವೆ. ಅದು ತೋರಿಸುವುದರ ಕೊರತೆ. ಒಳಗಿನ ಬರಹಕ್ಕೆ ಏನೂ ಆಗಿರುವುದಿಲ್ಲ.

ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಯುಟಿಎಫ್-8 ಅನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ನಾವು ಹುಟ್ಟುವ ಮೊದಲೇ ಸಿಕ್ಕ ಪರಿಹಾರವನ್ನು ಬಳಸದೆ ನಮ್ಮ ಲಿಪಿಯನ್ನೇ ಬಿಡುವುದು ಜಾಣತನವಲ್ಲ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಉರ್ದು ಓದಿ ಬರೆಯುವವರೂ ಇದ್ದಾರೆ. ಅವರ ಅಕ್ಷರಗಳಿಗೂ ಇದೇ ಮಾತು.

ಆದ್ದರಿಂದ ನನ್ನ ಕೋರಿಕೆ ಎರಡು. ವರ್ಷದ ಮೊದಲ ಪ್ರಾಯೋಗಿಕ ತರಗತಿಯಲ್ಲೇ ಪ್ರತಿ ಕಂಪ್ಯೂಟರಿನ ಈ ಸೆಟ್ಟಿಂಗ್ ನೋಡುವುದನ್ನು ಉಪನ್ಯಾಸಕರು ನಮಗೆ ಕಲಿಸಲಿ. ಗೆಳೆಯರೇ, ನಿಮ್ಮ ಮುಂದೆ ಅರ್ಥವಿಲ್ಲದ ಅಕ್ಷರಗಳು ಬಂದರೆ ಫೈಲ್ ಅಳಿಸಬೇಡಿ. ಇದನ್ನು ಯಾವ ಪದ್ಧತಿಯಲ್ಲಿ ಬರೆದಿದ್ದಾರೆ ಎಂದು ಮೊದಲು ಕೇಳಿ. ನಾನು ಕೇಳಲಿಲ್ಲ, ಅದಕ್ಕೇ ಎಲ್ಲ ಹೆಸರುಗಳನ್ನೂ ಮತ್ತೆ ಟೈಪ್ ಮಾಡಬೇಕಾಯಿತು. ಈ ಸಲವೂ ಕನ್ನಡದಲ್ಲೇ ಮಾಡಿದ್ದೇನೆ.