ಐದನೆಯ ತಪ್ಪು

ಬ್ಯಾಸ್ಕೆಟ್‌ಬಾಲ್ ಪಂದ್ಯ ಮುಗಿಯಲು ಎರಡೇ ನಿಮಿಷ ಉಳಿದಿದೆ. ಎರಡೂ ತಂಡಗಳ ಅಂಕ ಸಮ. ಸೀಟಿಯ ಸದ್ದಿಗೆ ಆಟ ನಿಲ್ಲುತ್ತದೆ. ರೆಫರಿ ಬದಿಯ ಮೇಜಿನತ್ತ ತಿರುಗಿ, ತಪ್ಪೆಸಗಿದ ಆಟಗಾರನ ಸಂಖ್ಯೆಯನ್ನು ಬೆರಳುಗಳಿಂದ ಸೂಚಿಸುತ್ತಾರೆ. ಮೇಜಿನಿಂದ ಕೆಂಪು ಬಣ್ಣದ 5ರ ಅಂಕೆ ಮೇಲೇಳುತ್ತದೆ. ತಂಡಕ್ಕೆ ಆಧಾರವಾಗಿದ್ದ ಆಟಗಾರ ತಲೆ ತಗ್ಗಿಸಿ ಹೊರಗೆ ನಡೆಯುತ್ತಾನೆ. ಪ್ರೇಕ್ಷಕರ ಕೋಪವೆಲ್ಲ ರೆಫರಿಯ ಮೇಲೆ. ಆದರೆ ಅವನನ್ನು ಕಳುಹಿಸಿದವರು ನಿಜವಾಗಿಯೂ ರೆಫರಿಯೇ?

ಅಲ್ಲ, ಕಳುಹಿಸಿದ್ದು ಲೆಕ್ಕ. ತಪ್ಪನ್ನು ಗುರುತಿಸುವುದು ರೆಫರಿಯ ಕೆಲಸ. ಅದು ಎಷ್ಟನೆಯದೆಂದು ಬರೆದಿಡುವುದು ಸ್ಕೋರರ್ ಅವರ ಕೆಲಸ. ಅಂತರರಾಷ್ಟ್ರೀಯ ನಿಯಮದಂತೆ ಐದನೆಯ ತಪ್ಪು ದಾಖಲಾದೊಡನೆ ಸ್ಕೋರರ್ ರೆಫರಿಗೆ ತಿಳಿಸಬೇಕು, ರೆಫರಿ ಆಟಗಾರನಿಗೆ ತಿಳಿಸಬೇಕು. 30 ಸೆಕೆಂಡುಗಳೊಳಗೆ ಬದಲಿ ಆಟಗಾರ ಬರಬೇಕು. ಲೆಕ್ಕದಲ್ಲಿ ಎಡವಟ್ಟಾಗಿ, ಐದು ತಪ್ಪು ಮುಗಿದುದನ್ನು ಅರಿಯದೆ ಒಬ್ಬನು ಆಡುತ್ತಲೇ ಇದ್ದನೆನ್ನಿ. ಗೊತ್ತಾದ ಕ್ಷಣ ಅವನು ಹೊರಡಬೇಕು. ಆದರೆ ಅದಕ್ಕೆ ದಂಡನೆಯಿಲ್ಲ, ಆ ನಡುವೆ ಅವನು ಗಳಿಸಿದ ಅಂಕಗಳೂ ಉಳಿಯುತ್ತವೆ. ಮೇಜಿನವರ ಮರೆವಿಗೆ ಆಟಗಾರ ಬೆಲೆ ತೆರಬೇಕಾಗಿಲ್ಲ.

ಹೊರಹೋಗುವುದರಲ್ಲಿಯೂ ಎರಡು ಬಗೆ ಉಂಟು. ಐದು ತಪ್ಪು ತುಂಬಿದವನು ತನ್ನ ತಂಡದ ಬೆಂಚಿನ ಮೇಲೆ ಕುಳಿತು ಗೆಳೆಯರನ್ನು ಹುರಿದುಂಬಿಸಬಹುದು, ಅದರಲ್ಲಿ ಅವಮಾನವಿಲ್ಲ. ಹೊಡೆದಾಟಕ್ಕೆ ಇಳಿದವನ ಪಾಡು ಬೇರೆ. ಅವನಿಗೆ ಒಂದೇ ತಪ್ಪು ಸಾಕು. ಬೆಂಚಿನಲ್ಲಿಯೂ ಅವನಿಗೆ ಸ್ಥಳವಿಲ್ಲ, ಉಡುಪು ಬದಲಿಸುವ ಕೋಣೆಗೋ ಕಟ್ಟಡದ ಹೊರಗೋ ತೆರಳಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್ ಅಂತಿಮ ಪಂದ್ಯದಲ್ಲಿ ಅಮೆರಿಕದ ಡ್ವೈಟ್ ಜೋನ್ಸ್ ಮತ್ತು ಸೋವಿಯತ್ ಒಕ್ಕೂಟದ ಮಿಖಾಯಿಲ್ ಕೋರ್ಕಿಯಾ ಕೈಕೈ ಮಿಲಾಯಿಸಿದಾಗ ಇಬ್ಬರನ್ನೂ ಹೊರಹಾಕಲಾಯಿತು. ಪಂದ್ಯ ನಿರ್ಧಾರವಾದದ್ದು ಒಂದೇ ಅಂಕದಿಂದ: ಸೋವಿಯತ್ 51, ಅಮೆರಿಕ 50.

ಈ ವಿವೇಚನೆ ಆಟದೊಡನೆಯೇ ಹುಟ್ಟಿದ್ದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಐದನೆಯದು ಇದನ್ನೇ ಕುರಿತದ್ದು. ಎರಡನೆಯ ತಪ್ಪಿಗೆ ಆಟಗಾರ ಮುಂದಿನ ಗೋಲು ಆಗುವವರೆಗೆ ಹೊರಗಿರಬೇಕಿತ್ತು. ನೋಯಿಸುವ ಉದ್ದೇಶ ಕಂಡುಬಂದರೆ ಇಡೀ ಪಂದ್ಯಕ್ಕೇ ಹೊರಗೆ, ಬದಲಿ ಆಟಗಾರನೂ ಇಲ್ಲ. ಅಂದೇ ಚೆಂಡಿನ ತೀರ್ಪು ರೆಫರಿಯದು, ಆಟಗಾರರ ನಡತೆಯ ತೀರ್ಪು ಅಂಪೈರ್‌ನದು ಎಂದು ಹೊಣೆಯನ್ನು ಇಬ್ಬರಿಗೆ ಹಂಚಲಾಗಿತ್ತು.

ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯಲ್ಲಿ ಪಂದ್ಯ 40ರ ಬದಲು 48 ನಿಮಿಷ. ಆದ್ದರಿಂದ ಮಿತಿಯೂ ಐದಲ್ಲ, ಆರು. ಅಲ್ಲಿ 1959ರಿಂದ 1973ರವರೆಗೆ ಆಡಿದ ವಿಲ್ಟ್ ಚೇಂಬರ್ಲೇನ್ ಏಳಡಿಗೂ ಮಿಗಿಲಾದ ಆಜಾನುಬಾಹು. ಬುಟ್ಟಿಯ ಕೆಳಗಿನ ನೂಕುನುಗ್ಗಲೇ ಅವನ ನೆಲೆ. ಆದರೂ ಲೀಗಿನ 1,045 ಪಂದ್ಯಗಳಲ್ಲಿ ಒಮ್ಮೆಯೂ ತಪ್ಪುಗಳ ಎಣಿಕೆ ತುಂಬಿ ಅವನು ಹೊರಬೀಳಲಿಲ್ಲ. ಅಷ್ಟು ಬಲವುಳ್ಳವನಿಗೆ ಅಷ್ಟು ಹಿಡಿತ ಸಾಧ್ಯವಾಗಿದ್ದರೆ, ಐದರ ಅಂಕೆ ಮೇಲೆದ್ದಾಗ ರೆಫರಿಯನ್ನು ದೂರುವ ಮುನ್ನ ಮೊದಲ ನಾಲ್ಕನ್ನು ನೆನೆಯುವುದು ಲೇಸು.