ಮೇಷ್ಟ್ರಿಗೂ ಹಾಜರಿ
ಇಂಗ್ಲೆಂಡಿನ ಶಾಲೆಗಳಿಗೆ ಫಿಸಿಕ್ಸ್ ಕಲಿಸುವ ಮೇಷ್ಟ್ರುಗಳು ಸಾಕಷ್ಟು ಸಿಗುತ್ತಿಲ್ಲ. ಹಾಗಂತ ಮೈಸೂರಿನಿಂದ ಒಬ್ಬರನ್ನು ಕರೆಸಿಕೊಳ್ಳೋಣವೆಂದರೆ ಹೆಡ್‌ಮಾಸ್ತರರ ಪತ್ರವೊಂದೇ ಸಾಲದು. ಶಾಲೆಯೋ ಅದನ್ನು ನಡೆಸುವ ಟ್ರಸ್ಟೋ ಮೊದಲು ಅಲ್ಲಿನ ಗೃಹ ಇಲಾಖೆಯಿಂದ, ಹೊರದೇಶದವರನ್ನು ನೇಮಿಸಿಕೊಳ್ಳಲು ಬೇಕಾದ ಸ್ಪಾನ್ಸರ್ ಲೈಸೆನ್ಸ್ ಪಡೆದಿರಬೇಕು. ಆಮೇಲೆ ಆ ಹುದ್ದೆಗೆಂದೇ ಒಂದು ಪ್ರಮಾಣಪತ್ರ, ಅದರ ಮೇಲೆ ವೀಸಾ. ಅಲ್ಲಿಗೂ ಮುಗಿಯಲಿಲ್ಲ. ಬಂದವರು ಹೇಳದೆ ಕೇಳದೆ ಸತತ 10 ಕೆಲಸದ ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡರೆ ಶಾಲೆಯೇ ಸರ್ಕಾರಕ್ಕೆ ವರದಿ ಒಪ್ಪಿಸಬೇಕು. ಮಕ್ಕಳ ಹಾಜರಿ ಕೂಗುವವರಿಗೇ ಹಾಜರಿ! ಅರ್ಹತೆಯ ಮಾತಿಗೆ ಬಂದರೆ, 2023ರಿಂದ ಭಾರತದ ಶಿಕ್ಷಕರೂ ಅಲ್ಲಿನ ಬೋಧನಾ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು, ಗಣಿತ, ವಿಜ್ಞಾನ, ಭಾಷೆ ಕಲಿಸುವವರಾದರೆ ಮಾತ್ರ. ಇನ್ನು ನೇಮಕಕ್ಕೆಂದು ಶಾಲೆ ಸರ್ಕಾರಕ್ಕೆ ಕಟ್ಟುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜನ್ನು ಮೇಷ್ಟ್ರ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಇಲ್ಲಿನ ಏಜೆಂಟ್ ಯಾರಾದರೂ ಆ ದುಡ್ಡು ನಿಮ್ಮಿಂದ ಕೇಳಿದರೆ ಎದ್ದು ಬನ್ನಿ.