ತಡವಾದ ಶಿಷ್ಯವೇತನದ ಬಡ್ಡಿ ಯಾರು ಕಟ್ಟಬೇಕು?

ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನನ್ನ ಹೆಂಡತಿ ರಾಜ್ಯದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಪಿ.ಜಿ. ವಿದ್ಯಾರ್ಥಿನಿ. ನಾನು ಖಾಸಗಿ ಹೈಸ್ಕೂಲಿನ ಮೇಷ್ಟ್ರು. ನನ್ನ ಸಂಬಳ ಮನೆ ಬಾಡಿಗೆಗೆ, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿಗೆ ಸರಿಹೋಗುತ್ತದೆ. ಉಳಿದ ಸಂಸಾರ ಅವಳ ಸ್ಟೈಪೆಂಡ್ ಮೇಲೆ ಸಾಗಬೇಕು. ಅದು ಯಾವ ತಾರೀಖಿಗೆ ಬರುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ಒಮ್ಮೆ ತಿಂಗಳ ಕೊನೆಗೆ, ಒಮ್ಮೆ ಮುಂದಿನ ತಿಂಗಳು, ಒಮ್ಮೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ. ಆಫೀಸಿನಲ್ಲಿ ಕೇಳಿದರೆ ‘ಬಿಲ್ ಇನ್ನೂ ಪಾಸಾಗಿಲ್ಲ’ ಎನ್ನುತ್ತಾರೆ.

ಬಿಲ್ ಪಾಸಾಗದ ತಿಂಗಳಲ್ಲೂ ದಿನಸಿ ತರಬೇಕು, ಮಗಳ ಶಾಲೆಗೆ ಕಟ್ಟಬೇಕು. ಸೀಟಿಗಾಗಿ ಮಾಡಿದ ಶಿಕ್ಷಣ ಸಾಲಕ್ಕಾದರೆ ಕೋರ್ಸ್ ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ. ದಿನಸಿ ಅಂಗಡಿಯವರು ಅಷ್ಟು ಕಾಯಲಾರರು, ಕಾಯಬೇಕೆಂದು ಕೇಳುವುದೂ ನ್ಯಾಯವಲ್ಲ. ಹಾಗಾಗಿ ಕ್ರೆಡಿಟ್ ಕಾರ್ಡ್ ಉಜ್ಜುತ್ತೇವೆ.

ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತಿದ್ದರೆ ಬಡ್ಡಿಯಿಲ್ಲ. ಒಂದು ತಿಂಗಳು ಬಾಕಿ ಉಳಿಸಿದರೆ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ; ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ನಮ್ಮ ಕಾರ್ಡಿನ ದರ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಒಂದು ಲಕ್ಷ ಬಾಕಿ ನಿಂತರೆ ತಿಂಗಳಿಗೆ ಬಡ್ಡಿ 3,500 ರೂಪಾಯಿ, ತೆರಿಗೆ 630. ‘ಮಿನಿಮಮ್ ಡ್ಯೂ’ ಎಂದು ಐದು ಸಾವಿರ ಕಟ್ಟಿದರೆ ಅಸಲಿಗೆ ಜಮೆಯಾಗುವುದು 870 ರೂಪಾಯಿ. ಪ್ರತಿ ತಿಂಗಳೂ ಮಿನಿಮಮ್ ಕಟ್ಟುತ್ತಿದ್ದೇವಲ್ಲ, ಸಾಲ ಕರಗುತ್ತಿದೆ ಎಂದೇ ನಂಬಿರುವ ದಂಪತಿಗಳು ಅವಳ ಬ್ಯಾಚಿನಲ್ಲೇ ಇದ್ದಾರೆ.

ನಮ್ಮಿಂದಾದದ್ದನ್ನು ನಾವು ಮಾಡಿದ್ದೇವೆ. ಅವಳ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡಿನ ಬಾಕಿ ಚುಕ್ತಾ ಮಾಡಿದೆವು. ಆ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಕಾಲು ಭಾಗದ ಆಸುಪಾಸು. ಇದ್ದ ಎರಡು ಕಾರ್ಡುಗಳಲ್ಲಿ ಒಂದನ್ನು ಮುಚ್ಚಿಸಿದೆವು. ಸ್ಟೈಪೆಂಡ್ ಮತ್ತೆ ನಿಂತಾಗ ಉಳಿದಿದ್ದ ಕಾರ್ಡೇ ಹೊರಬಂತು. ಖರ್ಚು ಹಿಡಿದರೆ ಸಾಲವಾಗದು ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಗಳಿಸಿದ ಹಣವೇ ಕೈಗೆ ಬಾರದಿದ್ದರೆ ಹಿಡಿಯುವುದು ಏನನ್ನು?

ಬೇರೆ ದುಡಿಮೆಗೆ ಅವಳು ಹೋಗುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿ.ಜಿ. ನಿಯಮಗಳ ಪ್ರಕಾರ ಅವಳು ಪೂರ್ಣಾವಧಿ ನಿವಾಸಿ ವೈದ್ಯೆ. ವಾರಕ್ಕೊಂದು ರಜೆ, ದಿನಕ್ಕಿಷ್ಟು ವಿಶ್ರಾಂತಿ ಕೊಡಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಹೆರಿಗೆ ವಾರ್ಡಿನಲ್ಲಿ ರಾತ್ರಿಯಿಡೀ ನಿಂತು ಬೆಳಿಗ್ಗೆ ಮತ್ತೆ ಒಪಿಡಿಯಲ್ಲಿ ಕೂರುವವಳಿಗೆ ಆ ರಜೆಯೂ ಎಷ್ಟೋ ವಾರ ದಕ್ಕುವುದಿಲ್ಲ.

2024ರ ಆಗಸ್ಟ್‌ನಲ್ಲಿ ನಿವಾಸಿ ವೈದ್ಯರು ಮುಷ್ಕರ ಹೂಡಿದ ಮೇಲೆ ಸರ್ಕಾರ ಶಿಷ್ಯವೇತನವನ್ನು ಶೇ 25ರಷ್ಟು ಏರಿಸಿತು. ಸರ್ಕಾರಿ ಕಾಲೇಜುಗಳ ಮೊದಲ ವರ್ಷದ ಪಿ.ಜಿ.ಗಳಿಗೆ 45,000 ಇದ್ದದ್ದು 56,250 ಆಯಿತು. ಇದಕ್ಕೆ ನಾನು ಮನಸಾರೆ ಕೃತಜ್ಞ. ಆದರೆ ಒಂದು ತಿಂಗಳ ಆ 56,250 ಮೂರು ತಿಂಗಳು ತಡವಾಗಿ, ಅಷ್ಟೂ ದಿನ ಸಂಸಾರ ಕಾರ್ಡಿನ ಮೇಲೆ ನಡೆದರೆ ಬಡ್ಡಿ ಮತ್ತು ತೆರಿಗೆ ಏಳು ಸಾವಿರದ ಹತ್ತಿರ ಬರುತ್ತದೆ. ತಾವು ಏರಿಸಿ ಕೊಟ್ಟ 11,250ರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಡ್ ಕೊಟ್ಟ ಬ್ಯಾಂಕಿನ ಪಾಲು.

ಕಾರ್ಡಿನ ಬಡ್ಡಿ ಇಳಿಸಿ ಎಂದು ನಾನು ಕೇಳುತ್ತಿಲ್ಲ. ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಮಾಡಿದೆ. ಅದು ತಮ್ಮ ಇಲಾಖೆಯ ಕೈಯಲ್ಲಿಲ್ಲ. ಸ್ಟೈಪೆಂಡ್ ಯಾವ ತಾರೀಖಿಗೆ ಖಾತೆಗೆ ಬೀಳಬೇಕೆಂಬುದು ಇದೆ.

ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿ ಕಾಲೇಜೂ ತಿಂಗಳ ಐದರೊಳಗೆ ಸ್ಟೈಪೆಂಡ್ ಜಮೆ ಮಾಡಲೇಬೇಕೆಂದು ಆದೇಶ ಹೊರಡಿಸಿ. ತಡವಾದರೆ ಬಡ್ಡಿಯನ್ನು ಕಾಲೇಜೇ ಸೇರಿಸಿ ಕೊಡಲಿ. ಆಮೇಲೆ ಬಿಲ್‌ಗಳು ಬೇಗ ಪಾಸಾಗುತ್ತವೆಂಬ ನಂಬಿಕೆ ನನಗಿದೆ. ಯಾವ ಕಾಲೇಜು ಯಾವ ದಿನ ಜಮೆ ಮಾಡಿತೆಂಬ ಪಟ್ಟಿಯನ್ನು ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯ ತಿಂಗಳು ತಿಂಗಳು ಪ್ರಕಟಿಸಲಿ. ಇದಕ್ಕೆ ಹೊಸ ಅನುದಾನ ಬೇಕಾಗದು, ಕೊಡಲೇಬೇಕಾದ ಹಣವಿದು.

ದೂರು ಕೊಡುವ ದಾರಿಯೊಂದನ್ನೂ ಮಾಡಿಕೊಡಿ. ದೂರು ನೇರವಾಗಿ ನಿರ್ದೇಶನಾಲಯಕ್ಕೆ ಹೋಗಬೇಕು, ಕೊಟ್ಟವರ ಹೆಸರು ಕಾಲೇಜಿಗೆ ತಿಳಿಯಬಾರದು. ಥೀಸಿಸ್‌ಗೆ ಗೈಡ್ ಸಹಿ ಬೀಳಬೇಕಾದವರು, ತಮ್ಮದೇ ವಿಭಾಗದ ಪರೀಕ್ಷಕರ ಮುಂದೆ ಪ್ರಾಕ್ಟಿಕಲ್‌ಗೆ ನಿಲ್ಲಬೇಕಾದವರು ಹೆಸರು ಹಾಕಿ ಬರೆಯಲಾರರು. ನನ್ನ ಹೆಂಡತಿಯ ಬದಲು ನಾನು ಬರೆಯುತ್ತಿರುವುದಕ್ಕೂ, ಕೆಳಗೆ ಹೆಸರಿಲ್ಲದಿರುವುದಕ್ಕೂ ಅದೇ ಕಾರಣ.

ಇಂತಿ ತಮ್ಮ ವಿಶ್ವಾಸಿ,
ಪಿ.ಜಿ. ವಿದ್ಯಾರ್ಥಿನಿಯೊಬ್ಬರ ಗಂಡ